ಕಿರಾನಾ ಗಡಿಯ ಎರಡೂ ಕಡೆ ಇದೆ

ಪಾಕಿಸ್ತಾನದ ಗಾಯಕರ ಜತೆ ಧಾರವಾಡದವರು ಹಾಡಬೇಕಾದರೆ 'ಎರಡು ಭಿನ್ನ ಸಂಗೀತಗಳನ್ನು ಬೆಸೆಯುವ' ದೀರ್ಘ ತಾಲೀಮು ಬೇಕು ಎಂದು ಭಾರತ–ಪಾಕಿಸ್ತಾನ ಜಂಟಿ ಕಛೇರಿಯ ಬಗೆಗಿನ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ. ಹಿಂದೂಸ್ತಾನಿ ಗಾಯನದ ಮುಖ್ಯ ಪ್ರಕಾರವಾದ ಖಯಾಲ್ ಮಟ್ಟಿಗೆ ಇದು ಪೂರ್ತಿ ತಪ್ಪು. ಕಿರಾನಾ ಘರಾಣೆಯ (ಗಾಯನ ಪರಂಪರೆಯ) ಅಬ್ದುಲ್ ಕರೀಂ ಖಾನರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವ, ಅವರ ಶಿಷ್ಯೆ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್. ಅದೇ ಖಾನರ ಶಿಷ್ಯೆ ರೋಶನಾರಾ ಬೇಗಂ 1948ರಲ್ಲಿ ಪಾಕಿಸ್ತಾನಕ್ಕೆ ಹೋಗಿ ಲಾಲಾಮೂಸಾದಲ್ಲಿ ನೆಲೆಸಿದರು. ಅಲ್ಲೂ ಏಕತಾಳಕ್ಕೆ 12 ಮಾತ್ರೆ (ಎಣಿಕೆ), ತೀನ್‌ತಾಳಕ್ಕೆ 16. ಬೆಸೆಯಲು ಏನಿದೆ?

ಕಷ್ಟವಿರುವುದು ಶ್ರುತಿಯಲ್ಲಿ, ಅಂದರೆ ಹಾಡುವವರು ಷಡ್ಜ (ಸ) ಎಂದು ಹಿಡಿಯುವ ಆಧಾರ ಸ್ವರದಲ್ಲಿ. ಗಾಯಕರದು ಹಾರ್ಮೋನಿಯಂನ ಕಪ್ಪು 1 (ಮೊದಲ ಕಪ್ಪು ಮನೆ), ಗಾಯಕಿಯದು ಕಪ್ಪು 4 ಎಂದಿಟ್ಟುಕೊಳ್ಳಿ. ನಡುವೆ ಪಂಚಮದಷ್ಟು, ಅಂದರೆ 'ಸ'ದಿಂದ 'ಪ'ವರೆಗಿನಷ್ಟು ಅಂತರ. ಒಂದೇ ಜೋಡಿ ತಂಬೂರಿಯಲ್ಲಿ ಇಬ್ಬರನ್ನೂ ಹಾಡಿಸಹೊರಟರೆ, ಮೇಲಕ್ಕೆ ಬಿಗಿದಾಗ ತಂತಿ ಹರಿಯುತ್ತದೆ, ಕೆಳಗಿಳಿಸಿದಾಗ ಸಡಿಲಾಗಿ ಜವಾರಿಯೇ (ತಂತಿಯ ಝೇಂಕಾರವೇ) ಸತ್ತುಹೋಗುತ್ತದೆ. ಆದ್ದರಿಂದ ಎರಡು ಜೋಡಿ ತಂಬೂರಿ, ಎರಡು ತಬಲಾ ಬೇಕೇ ಬೇಕು. ಅತಿಥಿಗಳಿಗೆ ವೀಸಾ ಸಿಗುವ ಹೊತ್ತಿಗೇ ಅವರ ಷಡ್ಜ ಯಾವುದು, ಹಾಡುವ ರಾಗದಲ್ಲಿ ಪಂಚಮ ಉಂಟೋ ಇಲ್ಲವೋ ಎಂದು ಕೇಳಿ ಬರೆದುಕೊಳ್ಳಬೇಕು. ಪಂಚಮವಿಲ್ಲದ ಮಾರ್ವಾ, ಪೂರಿಯಾ ರಾಗಗಳಿಗೆ ತಂಬೂರಿಯ ಮೊದಲ ತಂತಿಯನ್ನು ಪಂಚಮದಿಂದ ನಿಷಾದಕ್ಕೆ (ನಿ) ಏರಿಸಬೇಕಾಗುತ್ತದೆ. ಇನ್ನು ಎ.ಸಿ., ದೀಪ ಎರಡನ್ನೂ ಹಾಕಿ ಅರ್ಧ ಗಂಟೆಯಾದ ಮೇಲೇ ಶ್ರುತಿ ಮಾಡಿ. ಮೊದಲೇ ಮಾಡಿದರೆ ತಂತಿಯೂ ತಬಲಾದ ಚರ್ಮವೂ ಬೇರೆ ಬೇರೆ ದಿಕ್ಕಿಗೆ ಜಾರಿ, ಮೊದಲ ಆಲಾಪವೇ ಬೇಸೂರಾಗುತ್ತದೆ. ದೂರದಿಂದ ಬಂದ ಕಲಾವಿದರಿಗೆ ಅಷ್ಟು ದೊಡ್ಡ ಅವಮಾನ ಬೇರೆ ಇಲ್ಲ.