ರಕ್ತ ಸುರಿಸುವ ಬಟಾಣಿ

ಮಾಂಸ ಬಿಟ್ಟವನ ಮುಂದೆ ಬರ್ಗರ್ ಇಟ್ಟು, "ಕಚ್ಚಿ ನೋಡಿ ಸರ್, ರಕ್ತ ಒಸರುತ್ತೆ, ಥೇಟ್ ಮಾಂಸದ ಹಾಗೇ" ಎಂದು ಹೆಮ್ಮೆಪಡುವ ಕಾಲ ಇದು. ರಕ್ತ ನೋಡಲಾರದೆ ತಾನೇ ಆ ಪುಣ್ಯಾತ್ಮ ಮಾಂಸ ಬಿಟ್ಟಿದ್ದು? ಕುಡಿತ ಬಿಟ್ಟವನಿಗೆ ಹಣ್ಣಿನ ರಸ ಕೊಟ್ಟು, "ಹೆದರಬೇಡಿ, ಚರಂಡಿಗೆ ಬೀಳೋದೊಂದು ಮಾತ್ರ ಮೊದಲಿನ ಹಾಗೇ ಇದೆ" ಅಂದಂತಾಯಿತು.

ಈ ರಕ್ತಕ್ಕಾಗಿ, ಸಸ್ಯದಿಂದ ಮಾಂಸದ ನಕಲು ತಯಾರಿಸುವ ಅಮೆರಿಕದ ಕಂಪನಿಗಳು ಮಾಡಿದ ತಪಸ್ಸು ಸಣ್ಣದಲ್ಲ. ಬಿಯಾಂಡ್ ಮೀಟ್‌ನವರು ಬಟಾಣಿಯ ಪ್ರೋಟೀನು ಹಿಂಡಿ, ಬೀಟ್‌ರೂಟ್ ರಸದಲ್ಲಿ ಅದರ ಮೈ ಕೆಂಪಾಗಿಸಿದರು. ಇಂಪಾಸಿಬಲ್ ಫುಡ್ಸ್‌ನವರಿಗೆ ಬೀಟ್‌ರೂಟ್ ಸಾಲಲಿಲ್ಲ. ಸೋಯಾ ಬೇರಿನ ಗಂಟಿಗೇ ಕೈ ಹಾಕಿದರು. ಅಲ್ಲಿ ಲೆಗ್‌ಹಿಮೋಗ್ಲೋಬಿನ್ ಅಂತ ಒಂದು ಕೆಂಪು ಪ್ರೋಟೀನಿದೆ, ನಮ್ಮ ನೆತ್ತರಿನ ಹಿಮೋಗ್ಲೋಬಿನ್ನಿನ ದೂರದ ದಾಯಾದಿ. ಹೊಲದಲ್ಲಿ ಬೇರು ಕೀಳುತ್ತ ಕೂತರೆ ವ್ಯಾಪಾರ ಆಗುವುದಿಲ್ಲವಲ್ಲ, ಅದರ ಜೀನನ್ನು ಯೀಸ್ಟಿಗೆ ಸೇರಿಸಿ ತೊಟ್ಟಿಗಟ್ಟಲೆ ಹುದುಗಿಸಿದರು. 2016ರಲ್ಲಿ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಮೊದಲು ಬಡಿಸಿದರು. ತಿಂದರೆ ಅಪಾಯವಿಲ್ಲ ಎಂದು ಸಾಬೀತು ಮಾಡಲು ಅದನ್ನು ಇಲಿಗಳಿಗೂ ತಿನ್ನಿಸಿ ಪರೀಕ್ಷಿಸಿದರು. ದನ ಉಳಿಸುವ ಯಜ್ಞಕ್ಕೆ ಇಲಿಯ ಬಲಿ! ಪ್ರಾಣಿದಯಾ ಸಂಘದವರು ಸಿಟ್ಟಾದರು, ಕಂಪನಿಯ ಸ್ಥಾಪಕರು ಧರ್ಮಸಂಕಟವೆಂದು ಪತ್ರ ಬರೆದರು. ಇಲಿಗಳ ಕಡೆಯಿಂದ ಹೇಳಿಕೆ ಬರಲಿಲ್ಲ.

ಇಷ್ಟೆಲ್ಲ ಉಂಡೆ ಕಟ್ಟಿ ನಿಲ್ಲಬೇಕಲ್ಲ, ಅದಕ್ಕೆ ಮೀಥೈಲ್ ಸೆಲ್ಯುಲೋಸ್. ಇದರ ಸ್ವಭಾವ ಲೋಕಕ್ಕೆ ವಿರುದ್ಧ: ಬಿಸಿಯಾದರೆ ಗಟ್ಟಿ, ತಣ್ಣಗಾದರೆ ನೀರು. ಗೋಡೆಗೆ ಚಿತ್ತಾರದ ಕಾಗದ ಅಂಟಿಸುವ ಗೋಂದಿಗೂ ಇದೇ, ಮಲಬದ್ಧತೆಯ ಔಷಧಕ್ಕೂ ಇದೇ. ತಿಂದರೆ ಕೆಡುಕೇನಿಲ್ಲ, ಸುಮ್ಮನೆ ಹೆದರಿಸುತ್ತಿಲ್ಲ. ಆದರೆ ಒಂದು ಹಿಡಿ ಬಟಾಣಿ ಬಟಾಣಿಯಾಗಿಯೇ ತಟ್ಟೆಗೆ ಬರುವುದನ್ನು ತಪ್ಪಿಸಲು ಇಷ್ಟು ಜನ ವಿಜ್ಞಾನಿಗಳು ನಿದ್ದೆಗೆಡಬೇಕಿತ್ತೇ?

ಸರಿ, ವೇಷ ಕಟ್ಟಿದ್ದಾಯಿತು. ರಂಗಸ್ಥಳ ನೋಡಿ. ಬರ್ಗರ್ ಕಿಂಗ್ 2019ರ ಆಗಸ್ಟಿನಲ್ಲಿ ಅಮೆರಿಕದಾದ್ಯಂತ ಇಂಪಾಸಿಬಲ್ ವಾಪರ್ ಎಂಬ ಸಸ್ಯದ ಬರ್ಗರ್ ಮಾರತೊಡಗಿತು. ನವೆಂಬರ್ ಹೊತ್ತಿಗೆ ವೀಗನ್ ಗ್ರಾಹಕನೊಬ್ಬ, ಅಂದರೆ ಮಾಂಸವಿರಲಿ ಹಾಲು ಮೊಟ್ಟೆಯನ್ನೂ ಮುಟ್ಟದವನು, ಕೋರ್ಟಿಗೆ ಹೋದ: ದನದ ಪ್ಯಾಟಿ ಬೇಯಿಸಿದ ಸರಳುಗಳ ಮೇಲೇ ಇದನ್ನೂ ಬೇಯಿಸುತ್ತಾರೆ, ನನ್ನ ಬರ್ಗರಿಗೆ ದನದ ಕೊಬ್ಬು ಮೆತ್ತಿದೆ ಅಂತ. ಬೇರೆ ಕಡೆ ಬೇಯಿಸುತ್ತೇವೆಂದು ನಾವು ಮಾತು ಕೊಟ್ಟಿರಲಿಲ್ಲ ಎಂಬುದು ಕಂಪನಿಯ ವಾದ. 2020ರಲ್ಲಿ ಮೊಕದ್ದಮೆ ವಜಾ. ಕೆಎಫ್‌ಸಿಯವರು 2022ರಲ್ಲಿ ಸಸ್ಯದ ಕೋಳಿ ತಂದಾಗ ಈ ತಾಪತ್ರಯವೇ ಬೇಡವೆಂದು ಮೊದಲೇ ಹೇಳಿಬಿಟ್ಟರು: ಇದು ಸಸ್ಯದ್ದೇ, ಆದರೆ ಸಸ್ಯಾಹಾರಿಗಳಿಗೆ ತಕ್ಕಂತೆ ಮಾಡಿದ್ದಲ್ಲ. ಕೋಳಿ ಕರಿದ ಎಣ್ಣೆಗೇ ಇಳಿಸುವಾಗ ಇನ್ನೇನು ಹೇಳಿಯಾರು. ಮಡಿ ಬೇಕು, ಮೈಲಿಗೆ ಎಣ್ಣೆಯೂ ಉಳಿಯಬೇಕು.

ಹೀಗೇ ಒಂದು ಅಂಗಡಿಯಲ್ಲಿ, ಹೆಸರು ಬೇಡ, ಕೌಂಟರಿನ ಹುಡುಗನನ್ನು ಕೇಳಿದೆ.

"ಏನಪ್ಪಾ, ಇದು ಪೂರ್ತಿ ವೀಗನ್ನಾ?"

"ಪ್ಯಾಟಿ ಹಂಡ್ರೆಡ್ ಪರ್ಸೆಂಟ್ ವೀಗನ್ ಸರ್."

"ಬನ್ನು?"

"ಬನ್ನಲ್ಲಿ ಹಾಲಿನ ಪುಡಿ ಇರುತ್ತೆ ಸರ್."

"ಮೇಲಿನ ಬಿಳಿ ಸಾಸು?"

"ಮೇಯೋನೀಸ್. ಮೊಟ್ಟೆದು."

"ಚೀಸು?"

ಹುಡುಗ ನನ್ನನ್ನು ಕನಿಕರದಿಂದ ನೋಡಿದ. "ಸರ್, ಲೆಟಿಸ್ ವೀಗನ್" ಅಂದ.

ಅವನ ಹಿಂದೆ ಒಬ್ಬಳು ಒಂದೇ ಸಟ್ಟುಗದಲ್ಲಿ ಎರಡು ಬಗೆಯ ಪ್ಯಾಟಿಯನ್ನೂ ಸರ್ವಸಮಭಾವದಿಂದ ಮಗುಚುತ್ತಿದ್ದಳು. ಸಸ್ಯದ್ದಕ್ಕೆ ಹಸಿರು ಕಾಗದ, ಇನ್ನೊಂದಕ್ಕೆ ಕೆಂಪು ಕಾಗದ. ಕಟ್ಟುನಿಟ್ಟು ಅಂದರೆ ಕಾಗದದಲ್ಲಿ.

ಇನ್ನು ಹೆಸರಿನ ರಾಮಾಯಣ. ಐರೋಪ್ಯ ಒಕ್ಕೂಟದ ನ್ಯಾಯಾಲಯ 2017ರಲ್ಲೇ ಹೇಳಿಬಿಟ್ಟಿದೆ: ಹಾಲು, ಬೆಣ್ಣೆ, ಚೀಸ್ ಎಂದರೆ ಕೆಚ್ಚಲಿನಿಂದ ಬಂದದ್ದು ಮಾತ್ರ, ಸೋಯಾ ಹಾಲು ಎಂದು ಮಾರುವ ಹಾಗಿಲ್ಲ. ಆದರೆ ವಿನಾಯಿತಿಯ ಪಟ್ಟಿಯೊಂದಿದೆ. ಅದರಲ್ಲಿ ತೆಂಗಿನ ಹಾಲಿಗೆ ಜಾಗ ಸಿಕ್ಕಿದೆ, ಕಡಲೆಕಾಯಿ ಬೆಣ್ಣೆಗೆ ಸಿಕ್ಕಿದೆ, ಕ್ರೀಮ್ ಸೋಡಾಕ್ಕೂ ಸಿಕ್ಕಿದೆ. ತೆಂಗಿನ ಮರಕ್ಕೆ ಕೆಚ್ಚಲಿದೆ, ಸೋಯಾ ಗಿಡಕ್ಕಿಲ್ಲ ಎಂದು ಅರ್ಥ ಮಾಡಿಕೊಳ್ಳಬೇಕು.

ಸಸ್ಯದವರು ಬರ್ಗರ್ ಎಂಬ ಹೆಸರು ಮುಟ್ಟಬಾರದೆಂಬ ಪ್ರಸ್ತಾಪವನ್ನು ಐರೋಪ್ಯ ಸಂಸತ್ತು 2020ರಲ್ಲಿ ತಳ್ಳಿಹಾಕಿತ್ತು. ಹಾಗಾದರೆ ಸಸ್ಯದ ಬರ್ಗರಿಗೆ 'ತರಕಾರಿ ಬಿಲ್ಲೆ' ಅನ್ನಬೇಕೇ ಎಂದು ಜನ ನಕ್ಕಿದ್ದರು. ಐದು ವರ್ಷದಲ್ಲಿ ನಗು ಇಳಿಯಿತೇನೋ, 2025ರ ಅಕ್ಟೋಬರಿನಲ್ಲಿ ಅದೇ ಸಂಸತ್ತು 355ಕ್ಕೆ 247 ಮತಗಳಿಂದ ಬರ್ಗರ್, ಸ್ಟೇಕ್, ಸಾಸೇಜ್ ಎಂಬ ಪದಗಳು ಮಾಂಸಕ್ಕೇ ಮೀಸಲಾಗಲಿ ಎಂದು ಕೈ ಎತ್ತಿತು. ಗ್ರಾಹಕ ಮೋಸ ಹೋಗುತ್ತಾನಂತೆ. ಪೊಟ್ಟಣವೆಲ್ಲ ಹಸಿರು, ಮೂಲೆಯಲ್ಲಿ ಎಲೆ, ನಾಲ್ಕು ಕಡೆ 'ಸಸ್ಯಜನ್ಯ' ಎಂದು ದಪ್ಪಕ್ಷರ. ಇಷ್ಟಾದರೂ ದನವೆಂದೇ ನಂಬಿ ಕೊಂಡು ಮನೆಗೆ ಹೋಗಿ ಗೋಳಾಡಿದ ಗ್ರಾಹಕ ಎಲ್ಲಿದ್ದಾನೋ, ಅವನನ್ನು ಒಮ್ಮೆ ನೋಡಬೇಕು. ಹಾಟ್ ಡಾಗ್‌ನಲ್ಲಿ ನಾಯಿ ಸಿಗಲಿಲ್ಲವೆಂದು ದೂರು ಕೊಟ್ಟವನೂ ಬಹುಶಃ ಅವನೇ.

ತಮಾಷೆಯೆಂದರೆ ಈ ಜಗಳದಲ್ಲಿ ಎರಡು ಪಕ್ಷದವರೂ ಒಂದು ಮಾತಿಗೆ ಒಪ್ಪಿದ್ದಾರೆ. ಮಾಂಸದವರು 'ಹೆಸರು ನಮ್ಮದು' ಅನ್ನುತ್ತಾರೆ, ಸಸ್ಯದವರು 'ಆ ಹೆಸರಿಲ್ಲದಿದ್ದರೆ ನಾವು ಬದುಕಲಾರೆವು' ಅನ್ನುತ್ತಾರೆ. ತರಕಾರಿಗೆ ಸ್ವಂತದ್ದೊಂದು ಮುಖ ಇರಬಹುದು ಎಂಬ ಅನುಮಾನ ಇಬ್ಬರಿಗೂ ಇಲ್ಲ. ಹೆಸರಿನ ಬಲದಿಂದ ಬದುಕಿದ್ದೂ ಅಷ್ಟರಲ್ಲೇ ಇದೆ: 2019ರ ಮೇ ತಿಂಗಳಲ್ಲಿ 25 ಡಾಲರಿಗೆ ಪೇಟೆಗೆ ಬಂದ ಬಿಯಾಂಡ್ ಮೀಟ್ ಷೇರು ಮೂರು ತಿಂಗಳೊಳಗೇ 230 ದಾಟಿತು, 2025ರ ಅಕ್ಟೋಬರಿನಲ್ಲಿ ಒಂದು ಡಾಲರಿಗೂ ಕೆಳಗೆ ಬಿತ್ತು. ಷೇರು ಮಾರಿದ ದುಡ್ಡಿಗೆ ಅದೇ ಕಂಪನಿಯ ಒಂದು ಪ್ಯಾಟಿಯೂ ಬರುತ್ತಿರಲಿಲ್ಲ.

ವೇಷ ಹಾಕದ ಬರ್ಗರೂ ಒಂದಿತ್ತು. 1962ರಲ್ಲಿ ಮೆಕ್‌ಡೊನಾಲ್ಡ್ಸ್‌ನ ರೇ ಕ್ರಾಕ್, ಕ್ಯಾಥೊಲಿಕ್ ಕ್ರೈಸ್ತರು ಮಾಂಸ ಮುಟ್ಟದ ಉಪವಾಸದ ಶುಕ್ರವಾರಗಳಿಗೆಂದು ಹೂಲಾ ಬರ್ಗರ್ ಕಂಡುಹಿಡಿದ: ಬನ್ನು, ಸುಟ್ಟ ಅನಾನಸ್ ಬಿಲ್ಲೆ, ಚೀಸ್. ಸಿನ್ಸಿನಾಟಿಯ ಅಂಗಡಿ ಮಾಲೀಕ ಲೂ ಗ್ರೋಯೆನ್ ಮೀನಿನದೊಂದು ತಂದ. ಗುಡ್ ಫ್ರೈಡೇ ದಿನ ಪಂದ್ಯ. ಮೀನು 350 ಹೋಯಿತು, ಅನಾನಸ್ 6. ಆ ಆರು ಜನ ಯಾರೋ ಏನೋ, ನಾನಂತೂ ಅವರ ಕಡೆ. ರಕ್ತವಿಲ್ಲ, ಯೀಸ್ಟಿಲ್ಲ, ಇಲಿಯಿಲ್ಲ. ಅನಾನಸ್ ತಾನು ಅನಾನಸ್ ಎಂದು ಒಪ್ಪಿಕೊಂಡೇ ಸೋತಿತು.

ಇದೆಲ್ಲ ತಲೆಯಲ್ಲಿದ್ದುದರಿಂದಲೇ ಅವತ್ತು ಕೌಂಟರಿನ ಹುಡುಗನಿಗೆ ಹೇಳಿದೆ, "ಪ್ಯಾಟಿ ಬೇಡ. ಸಾಸು ಬೇಡ, ಚೀಸು ಬೇಡ. ಬನ್ನಲ್ಲಿ ಈರುಳ್ಳಿ, ಟೊಮ್ಯಾಟೊ, ಲೆಟಿಸ್ ಒಂದಿಷ್ಟು ಜಾಸ್ತಿ ಹಾಕಿ ಕೊಡು. ಹಾಲಿನ ಪುಡಿ ನನ್ನ ಪಾಲಿಗಿರಲಿ."

ಅವನು ಸ್ಕ್ರೀನಿನ ಮೇಲೆ ಬೆರಳಾಡಿಸಿ ಬಹಳ ಹೊತ್ತು ಹುಡುಕಿದ. ಅಂಥ ಬಟನ್ನೇ ಇರಲಿಲ್ಲ. ಮ್ಯಾನೇಜರನ್ನು ಕರೆದ. ಇಬ್ಬರೂ ಸೇರಿ ಮೊದಲು ಮಾಂಸದ ಬರ್ಗರ್ ಒತ್ತಿ, ಆಮೇಲೆ ಒಂದೊಂದೇ ತೆಗೆಯುತ್ತ ಬಂದರು. ಬೆಲೆ ಮಾತ್ರ ಇಳಿಯಲಿಲ್ಲ. ಬಿಲ್ಲಿನಲ್ಲಿ ಹೀಗಿತ್ತು: ಬೀಫ್ ಬರ್ಗರ್ 1, ಬೀಫ್ ಇಲ್ಲ. ಪೊಟ್ಟಣ ಕೈಗೆ ಬಂತು. ಕೆಂಪು ಕಾಗದ.