ದಂಡ ಬಿಡಿ, ತಿರಸ್ಕಾರದ ಲೆಕ್ಕ ಕೊಡಿ

ಸರ್ಕಾರಿ ಸೇವೆಗಳನ್ನು ಗಡುವಿನೊಳಗೆ ಕೊಡಬೇಕೆನ್ನುವ ಕರ್ನಾಟಕದ ಸಕಾಲ ಕಾಯ್ದೆಯ ದಂಡಕ್ಕೆ ಹೆದರಿ ಕಚೇರಿಗಳು ಚುರುಕಾದವು ಎಂದು ಲೇಖನವೊಂದರಲ್ಲಿ ಓದಿದೆ. ಲೇಖಕರ ಈ ಮಾತು ಒಪ್ಪಲಾಗದು. ತಡವಾದರೆ ಅರ್ಜಿದಾರರಿಗೆ ಕೊಡಬೇಕಾದ ಈ ದಂಡ ದಿನಕ್ಕೆ 20 ರೂಪಾಯಿ, ಎಷ್ಟೇ ತಡವಾದರೂ 500ಕ್ಕೆ ನಿಲ್ಲುತ್ತದೆ. ಇದರಿಂದ ಯಾರಿಗೆ ಬಿಸಿ ಮುಟ್ಟೀತು ಸ್ವಾಮಿ? ಅದನ್ನೂ ನಾವೇ ಮೇಲ್ಮನವಿ ಹಾಕಿ ಕೇಳಬೇಕು. ಗಡುವಿನ ಲೆಕ್ಕ ಶುರುವಾಗುವುದು ಅರ್ಜಿ ಸ್ವೀಕರಿಸಿದಾಗ ಕೊಡುವ ಜಿಎಸ್‌ಸಿ ಸಂಖ್ಯೆ ಕೈಗೆ ಬಂದ ಮೇಲೆ. ನಮ್ಮ ಕಡೆ 'ದಾಖಲೆ ಸರಿಯಿಲ್ಲ, ಸೋಮವಾರ ಬನ್ನಿ' ಎಂದು ಅರ್ಜಿಯನ್ನೇ ಮುಟ್ಟುವುದಿಲ್ಲ. ಮುಟ್ಟಿದರೆ ಕೊನೇ ದಿನ ತಿರಸ್ಕಾರ. ಅಂಕಿಅಂಶದಲ್ಲಿ ಅದೂ ವಿಲೇವಾರಿಯೇ! ಜಮೀನು ದಾಖಲೆಗಳನ್ನು ಕಂಪ್ಯೂಟರಿಗೆ ತಂದ 'ಭೂಮಿ' ಯೋಜನೆಯಲ್ಲಿ ಮ್ಯುಟೇಶನ್ (ಪಹಣಿಯಲ್ಲಿ ಮಾಲೀಕರ ಹೆಸರು ಬದಲಾವಣೆ) ಅರ್ಜಿಗಳಿಗೆ 'ಮೊದಲು ಬಂದವರಿಗೆ ಮೊದಲು' ನಿಯಮವನ್ನು ಕಂಪ್ಯೂಟರಿನೊಳಗೇ ಕೂರಿಸಿದ್ದರು. ಮರ್ಜಿಗೆ ಬಂದಂತೆ ಸಾಲು ಬದಲಿಸುವುದು ಕಷ್ಟವಾಯಿತು. ಆ ಬಿಗಿ ಇಲ್ಲೂ ಬರಲಿ. ಯಾವ ಕಚೇರಿ, ಯಾವ ಹುದ್ದೆಯವರು, ಯಾವ ಕಾರಣಕ್ಕೆ ಎಷ್ಟು ಅರ್ಜಿ ತಿರಸ್ಕರಿಸಿದರು ಎಂಬುದನ್ನು ಪ್ರತಿ ತಿಂಗಳು ಜಾಲತಾಣದಲ್ಲಿ ಹಾಕಲಿ.