ದುರಂತಕ್ಕೊಂದು ರಾಕ್ ಹಾಡು: ಬೇಕೇ, ಬೇಡವೇ?

ಪರ: ಕಾಗದಪತ್ರ ಮೊದಲಾಗಲಿ, ಹಾಡಂತೂ ಬೇಕು

1970ರ ನವೆಂಬರ್ 12ರಂದು ಭೋಲಾ ಚಂಡಮಾರುತ ಪೂರ್ವ ಪಾಕಿಸ್ತಾನದ ಕರಾವಳಿಗೆ ಅಪ್ಪಳಿಸಿ ಮೂರು ಲಕ್ಷಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಆ ಗಾಯ ಆರುವ ಮೊದಲೇ, 1971ರ ಮಾರ್ಚ್ 25ರ ರಾತ್ರಿ, ಪಾಕಿಸ್ತಾನಿ ಸೇನೆ ಢಾಕಾದಲ್ಲಿ ಹತ್ಯಾಕಾಂಡಕ್ಕಿಳಿಯಿತು. ನಿರಾಶ್ರಿತರು ಗಡಿ ದಾಟಿ ಭಾರತಕ್ಕೆ ಬರತೊಡಗಿದರು; ವರ್ಷ ಮುಗಿಯುವಷ್ಟರಲ್ಲಿ ಅವರ ಸಂಖ್ಯೆ ಸುಮಾರು ಒಂದು ಕೋಟಿ. ಪಂಡಿತ್ ರವಿಶಂಕರ್ ತಮ್ಮ ಗೆಳೆಯ, ಬೀಟಲ್ಸ್ ತಂಡದಲ್ಲಿದ್ದ ಜಾರ್ಜ್ ಹ್ಯಾರಿಸನ್ ಬಳಿ ಏನಾದರೂ ಮಾಡೋಣವೆಂದರು. ಹ್ಯಾರಿಸನ್ ನೆರವಿನ ಹಣ ಕೂಡಿಸಲು ‘ಬಾಂಗ್ಲಾ ದೇಶ್’ ಎಂಬ ಹಾಡು ಬರೆದರು, ಜುಲೈನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಧ್ವನಿಮುದ್ರಿಸಿದರು, 28ರಂದು ಅದು ಅಮೆರಿಕದ ಅಂಗಡಿಗಳಿಗೆ ಬಂತು.

ಆ ಹಾಡಿನ ದೊಡ್ಡ ಕೆಲಸವೆಂದರೆ ಅದರ ಶೀರ್ಷಿಕೆಯೇ. ನಿಕ್ಸನ್ ಸರ್ಕಾರ ಇಸ್ಲಾಮಾಬಾದ್‌ನ ಬೆನ್ನಿಗೆ ನಿಂತಿತ್ತು. ಅಂಥ ಹೊತ್ತಿನಲ್ಲಿ, ಇನ್ನೂ ಯಾವ ದೊಡ್ಡ ಶಕ್ತಿಯೂ ಮಾನ್ಯ ಮಾಡದ ದೇಶದ ಹೆಸರನ್ನು ಅಮೆರಿಕದ ರೇಡಿಯೊ ಗಂಟೆಗಂಟೆಗೆ ಹೇಳುವಂತಾಯಿತು. ಎಷ್ಟೇ ದೊಡ್ಡ ಚೆಕ್ ಬರೆದರೂ ಈ ಕೆಲಸ ಆಗುತ್ತಿರಲಿಲ್ಲ.

ಇಂಥ ಹಾಡುಗಳು ಸೋಲುವುದು ಸಾಮಾನ್ಯವಾಗಿ ಸಂಗೀತದಲ್ಲಲ್ಲ, ಕೆಲಸದ ಕ್ರಮದಲ್ಲಿ. ಮೊದಲು ಟ್ರಸ್ಟ್ ಮತ್ತು ಅದರ ಬ್ಯಾಂಕ್ ಖಾತೆ ಆಗಬೇಕು. ಹಣ ಪಡೆಯುವ ಸಂಸ್ಥೆ ಯಾವುದೆಂದು ಲಿಖಿತವಾಗಿ ನಿಗದಿಯಾಗಬೇಕು. ಆಮೇಲೆ ಹಕ್ಕುಗಳು. ಒಂದು ಹಾಡಿನಲ್ಲಿ ಎರಡು ಆಸ್ತಿಗಳಿವೆ: ಸಾಹಿತ್ಯ-ರಾಗ ಸೇರಿದ ಕೃತಿ ಒಂದು, ಧ್ವನಿಮುದ್ರಣ ಇನ್ನೊಂದು. ಗಾಯಕರು ಸಂಭಾವನೆ ಬಿಟ್ಟರೂ ಕೃತಿಯ ಪ್ರಕಾಶಕರು ಬಿಡದಿದ್ದರೆ ಮಾರಾಟವಾದ ಒಂದೊಂದು ಪ್ರತಿಯಿಂದಲೂ ರಾಯಲ್ಟಿ ಸೋರುತ್ತಲೇ ಇರುತ್ತದೆ. ಹಳೆಯ ಜನಪ್ರಿಯ ಹಾಡನ್ನೇ ಮತ್ತೆ ಹಾಡಿಸುವವರು ಮರೆಯುವುದು ಇದನ್ನೇ. ಬೇರೆ ಬೇರೆ ಕಂಪನಿಗಳ ಜೊತೆ ಏಕಸ್ವಾಮ್ಯ ಒಪ್ಪಂದವಿರುವ ಕಲಾವಿದರಿದ್ದರೆ ಪ್ರತಿ ಕಂಪನಿಯಿಂದಲೂ ಒಪ್ಪಿಗೆ ಪತ್ರ ಬೇಕು, ಅದೂ ರೆಕಾರ್ಡಿಂಗ್‌ಗೆ ಮೊದಲು.

ಸ್ಟುಡಿಯೊದಲ್ಲಿ ತೊಡಕು ಬೇರೆ ಬಗೆಯದು. ಹತ್ತು ಹನ್ನೆರಡು ಜನ ತಾರೆಯರಿಗೆ ಒಂದೊಂದು ಸಾಲು ಮೊದಲೇ ಹಂಚಿದರೆ ಮುನಿಸು ಖಚಿತ, ಶ್ರುತಿ ಹೊಂದದಿರುವುದೂ ಖಚಿತ. ಎಲ್ಲರಿಂದಲೂ ಇಡೀ ಹಾಡನ್ನು ಎರಡು ಸಲ ಹಾಡಿಸಿಟ್ಟುಕೊಂಡು, ಯಾರ ದನಿ ಎಲ್ಲಿ ಕೂರುತ್ತದೆ ಎಂದು ಆಮೇಲೆ ಆರಿಸುವುದು ಕ್ಷೇಮ. ಪಲ್ಲವಿಗೆ ಇಪ್ಪತ್ತು ಜನರನ್ನು ಅರ್ಧವೃತ್ತದಲ್ಲಿ ನಿಲ್ಲಿಸಿ ಎರಡು ಮೈಕ್ ಇಟ್ಟು ನಾಲ್ಕು ಸಲ ಹಾಡಿಸಿ, ಒಂದರ ಮೇಲೊಂದು ಕೂರಿಸಿದರೆ ಎಂಬತ್ತು ಕಂಠಗಳ ಗುಂಪಾಗುತ್ತದೆ. ಹೆಡ್‌ಫೋನ್ ಸದ್ದು ತಗ್ಗಿಸದಿದ್ದರೆ ತಾಳದ ಟಿಕ್‌ಟಿಕ್ ಮೈಕಿಗೆ ಸೋರುತ್ತದೆ. ವಾದ್ಯಗಳು ನಿಂತು ಬರೀ ಕಂಠ ಉಳಿಯುವ ಜಾಗದಲ್ಲಿ ಅದು ಎದ್ದು ಕೇಳುತ್ತದೆ. ಸಾಲಿನ ಕೊನೆಗೆ ಬರುವ ‘ಸ್’ ಸದ್ದನ್ನು ಒಬ್ಬರಿಗೇ ಬಿಡಬೇಕು. ಇಪ್ಪತ್ತು ಜನ ಇಪ್ಪತ್ತು ಕ್ಷಣಗಳಲ್ಲಿ ಮುಗಿಸಿದರೆ ಸಾಲು ಬುಸುಗುಟ್ಟುತ್ತದೆ.

ಇವೆಲ್ಲ ಬೇಗ ಆಗದ ಮಾತಲ್ಲ. 1984ರ ಅಕ್ಟೋಬರ್ 23ರಂದು ಬಿಬಿಸಿಯಲ್ಲಿ ಇಥಿಯೋಪಿಯಾದ ಕ್ಷಾಮದ ವರದಿ ಬಂತು. ರಾಕ್ ಗಾಯಕರಾದ ಬಾಬ್ ಗೆಲ್ಡಾಫ್ ಮತ್ತು ಮಿಜ್ ಯೂರ್ ಸಂತ್ರಸ್ತರಿಗಾಗಿ ‘ಡು ದೇ ನೋ ಇಟ್ಸ್ ಕ್ರಿಸ್‌ಮಸ್?’ ಹಾಡು ಬರೆದರು. ಯೂರ್ ಹಿಮ್ಮೇಳವನ್ನು ತಮ್ಮ ಮನೆಯ ಸ್ಟುಡಿಯೊದಲ್ಲೇ ಸಿದ್ಧಮಾಡಿಕೊಂಡಿದ್ದರು; ಹಾಗಾಗಿ ನವೆಂಬರ್ 25ರಂದು ಲಂಡನ್‌ನ ಸಾರ್ಮ್ ವೆಸ್ಟ್ ಸ್ಟುಡಿಯೊ 24 ಗಂಟೆ ಮಾತ್ರ ಉಚಿತವಾಗಿ ಸಿಕ್ಕಿದರೂ ಸಾಕಾಯಿತು. ಡಿಸೆಂಬರ್ ಮೊದಲ ವಾರದಲ್ಲಿ ರೆಕಾರ್ಡ್ ಅಂಗಡಿಯಲ್ಲಿತ್ತು, ಹನ್ನೆರಡು ತಿಂಗಳಲ್ಲಿ 80 ಲಕ್ಷ ಪೌಂಡ್ ಕೂಡಿತು. ಶೇ 15ರ ಮೌಲ್ಯವರ್ಧಿತ ತೆರಿಗೆ ಬಿಡಲು ಥ್ಯಾಚರ್ ಸರ್ಕಾರ ಮೊದಲು ಒಪ್ಪಲಿಲ್ಲ. ಜನರ ಒತ್ತಡ ಹೆಚ್ಚಿದ ಮೇಲೆ ಅಷ್ಟೇ ಮೊತ್ತವನ್ನು ನಿಧಿಗೆ ಮರಳಿಸಿತು. ಆ ಒತ್ತಡ ಹುಟ್ಟಿದ್ದೂ ಹಾಡಿನಿಂದಲೇ.

ಇನ್ನು ಡನ್‌ಬ್ಲೇನ್. 1996ರ ಮಾರ್ಚ್ 13ರಂದು ಸ್ಕಾಟ್ಲೆಂಡಿನ ಆ ಪಟ್ಟಣದ ಶಾಲೆಯಲ್ಲಿ 16 ಮಕ್ಕಳು, ಅವರ ಶಿಕ್ಷಕಿ ಗುಂಡಿಗೆ ಬಲಿಯಾದರು. ಅಲ್ಲಿಯವರೇ ಸೇರಿ ಬಾಬ್ ಡಿಲನ್ ಅವರ ಹಾಡೊಂದನ್ನು ಮಕ್ಕಳ ಮೇಳದೊಂದಿಗೆ ಹಾಡಿದರು, ಮಾರ್ಕ್ ನಾಫ್ಲರ್ ಗಿಟಾರ್ ನುಡಿಸಿದರು. ಹೊಸ ಚರಣ ಸೇರಿಸಲು ಡಿಲನ್ ಒಪ್ಪಿಗೆ ಕೊಟ್ಟರು. ಹಣ ಮಕ್ಕಳ ಸೇವಾಸಂಸ್ಥೆಗಳಿಗೆ ಹೋಯಿತು. ದುಃಖದಲ್ಲಿದ್ದ ಊರೊಂದು ತನ್ನ ಮಾತನ್ನು ತಾನೇ ಆಡಲು ಅದಕ್ಕಿಂತ ಒಳ್ಳೆಯ ವೇದಿಕೆ ಆಗ ಇತ್ತೇ?

ವಿರೋಧ: ಹೊತ್ತಿಗೆ ಒದಗದ ಹಣ

1971ರ ಕಥೆಯನ್ನು ಪರವಾದಿಗಳು ಜುಲೈ 28ಕ್ಕೇ ನಿಲ್ಲಿಸುತ್ತಾರೆ. ಮುಂದಿನದನ್ನೂ ನೋಡೋಣ.

ಆಗಸ್ಟ್ 1ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಹ್ಯಾರಿಸನ್ ಮತ್ತು ರವಿಶಂಕರ್ ಏರ್ಪಡಿಸಿದ ನೆರವಿನ ಕಛೇರಿಗಳು ಮಧ್ಯಾಹ್ನ ಒಂದು, ರಾತ್ರಿ ಒಂದು ನಡೆದವು. ಸುಮಾರು 40,000 ಜನ ಬಂದರು. ಟಿಕೆಟ್‌ನಿಂದ ಬಂದ 2,43,418.50 ಡಾಲರ್ ಅದೇ ತಿಂಗಳು ಯುನಿಸೆಫ್ ಕೈಸೇರಿತು. ಲೆಕ್ಕ ಚೊಕ್ಕ, ಕೆಲಸ ಬೇಗ. ತೊಡಕೆಲ್ಲ ಶುರುವಾದದ್ದು ಅದನ್ನು ರೆಕಾರ್ಡ್ ಮಾಡಿ ಮಾರಲು ಹೊರಟಾಗ. ಕಛೇರಿಯಲ್ಲಿ ಹಾಡಿದ್ದ ಡಿಲನ್ ಕೊಲಂಬಿಯಾ ಕಂಪನಿಯ ಕಲಾವಿದ, ಆಲ್ಬಂನ ವಿತರಣೆ ಕ್ಯಾಪಿಟಲ್ ಕಂಪನಿಯದು. ಕಂಪನಿಗಳ ಚೌಕಾಸಿ ತಿಂಗಳುಗಟ್ಟಲೆ ನಡೆಯಿತು. ಮೂರು ತಟ್ಟೆಗಳ ಆಲ್ಬಂ ಅಮೆರಿಕದಲ್ಲಿ ಬಿಡುಗಡೆಯಾದದ್ದು ಡಿಸೆಂಬರ್ 20ಕ್ಕೆ. ಢಾಕಾದಲ್ಲಿ ಪಾಕಿಸ್ತಾನಿ ಸೇನೆ ಶರಣಾಗಿ ಆಗಲೇ ನಾಲ್ಕು ದಿನವಾಗಿತ್ತು!

ಅದಕ್ಕಿಂತ ದೊಡ್ಡ ಎಡವಟ್ಟು ತೆರಿಗೆಯದು. ಯುನಿಸೆಫ್ ಹೆಸರನ್ನು ಕಾರ್ಯಕ್ರಮಕ್ಕೆ ಮೊದಲೇ ಅಧಿಕೃತವಾಗಿ ನೋಂದಾಯಿಸಿರಲಿಲ್ಲ. ಆದ್ದರಿಂದ ಅಮೆರಿಕದ ತೆರಿಗೆ ಇಲಾಖೆ ವಿನಾಯಿತಿ ಕೊಡಲಿಲ್ಲ, ಆಲ್ಬಂನ ಲಕ್ಷಾಂತರ ಡಾಲರ್ ವರ್ಷಗಟ್ಟಲೆ ಸಿಕ್ಕಿಬಿತ್ತು. ಬ್ರಿಟನ್ನಿನ ಖಜಾನೆಯೂ ಖರೀದಿ ತೆರಿಗೆ ಬಿಡಲಿಲ್ಲ. 1985ರ ಹೊತ್ತಿಗೆ ಒಟ್ಟು ಸುಮಾರು 1.2 ಕೋಟಿ ಡಾಲರ್ ತಲುಪಿತ್ತು, ನಿಜ. ಆದರೆ 1971ರ ಶಿಬಿರಗಳಲ್ಲಿ ಕಾಲರಾಕ್ಕೆ ಸಿಕ್ಕ ಮಗುವಿಗೆ 1985ರ ಡಾಲರ್‌ನಿಂದ ಏನು ಉಪಯೋಗ? ಕಾಗದಪತ್ರ ಮೊದಲು ಮಾಡಿ ಎಂಬ ಸಲಹೆ ಸರಿಯೇ. ಅಷ್ಟೊಂದು ಕಂಪನಿಗಳ ಒಪ್ಪಿಗೆ ಪತ್ರ ಕೂಡಿಸುವ ಹೊತ್ತಿನಲ್ಲಿ ಒಂದು ಕಛೇರಿ ಮುಗಿದು ಹಣವೂ ಹೋಗಿರುತ್ತದೆ ಎಂಬುದು ನಮ್ಮ ತಕರಾರು.

ಈಗಿನ ಸ್ಥಿತಿ ಇನ್ನೂ ಬಿಗಿ. ರೆಕಾರ್ಡ್ ಕೊಂಡವರು ಒಂದೇ ಸಲಕ್ಕೆ ಪೂರ್ತಿ ಬೆಲೆ ಕೊಡುತ್ತಿದ್ದರು. ಸ್ಟ್ರೀಮಿಂಗ್‌ನಲ್ಲಿ ಒಂದು ಆಲಿಕೆಗೆ ಬರುವುದು ಪೈಸೆಗಳ ಲೆಕ್ಕ, ಅದೂ ತಿಂಗಳುಗಳಾದ ಮೇಲೆ. ಹಿಂದಿನ ಹನ್ನೆರಡು ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಸ್ಪಾಟಿಫೈ 2024ರಿಂದ ಧ್ವನಿಮುದ್ರಣದ ರಾಯಲ್ಟಿಯನ್ನೇ ಕೊಡುವುದಿಲ್ಲ. ಕೇಳುಗ ಮಾತ್ರ ಹಾಡು ಕೇಳಿದ್ದನ್ನೇ ದಾನ ಮಾಡಿದಂತೆ ಭಾವಿಸಿ ಸುಮ್ಮನಾಗುತ್ತಾನೆ. ಹಾಡಿನ ಕೆಳಗೆ ನೇರ ದೇಣಿಗೆಯ ಕೊಂಡಿ ಕೊಡುತ್ತೇವೆ ಎನ್ನುವವರು ಆ ಕೊಂಡಿಯನ್ನೇ ತಾರೆಯರ ಪುಟದಲ್ಲಿ ಹಾಕಿಸಲಿ.

ಇನ್ನು ಸಾಹಿತ್ಯ. ನಾಲ್ಕು ನಿಮಿಷದಲ್ಲಿ ದೇಶವೊಂದರ ಸಂಕಟ ಹೇಳಹೊರಟರೆ ಸುಳ್ಳು ನುಸುಳುವುದು ಸುಲಭ. 1984ರ ಹಾಡು ಆಫ್ರಿಕಾದಲ್ಲಿ ನದಿಯೇ ಹರಿಯುವುದಿಲ್ಲ ಎಂದಿತು. ನೀಲಿ ನೈಲ್ ಹುಟ್ಟುವುದು ಇಥಿಯೋಪಿಯಾದ ತಾನಾ ಸರೋವರದಲ್ಲಿ. ಕ್ರಿಸ್‌ಮಸ್ ಬಂದದ್ದು ಅಲ್ಲಿಯವರಿಗೆ ಗೊತ್ತೇ ಎಂದೂ ಕೇಳಿತು. ನಾಲ್ಕನೆಯ ಶತಮಾನದಿಂದ ಕ್ರೈಸ್ತಧರ್ಮ ಬೇರೂರಿರುವ ನಾಡದು, ಜನವರಿ 7ರಂದು ಹಬ್ಬ ಆಚರಿಸುತ್ತದೆ. ಅಲ್ಲಿನ ಆಗಿನ ಸರ್ವಾಧಿಕಾರಿ ಮೆಂಗಿಸ್ಟು ಆಡಳಿತದ ಅಂತರ್ಯುದ್ಧ ಬರಗಾಲವನ್ನು ಕ್ಷಾಮವಾಗಿಸಿದ ಸಂಗತಿಗೆ ಹಾಡಿನಲ್ಲಿ ಒಂದು ಪದವೂ ಇಲ್ಲ. ಜನ ಮರುಕಪಟ್ಟರು, ಕಾರಣ ಯಾರೂ ಕೇಳಲಿಲ್ಲ. ಅದೇ ಹಾಡಿನ 2014ರ ಆವೃತ್ತಿಯಲ್ಲಿ ಹಾಡಿದ್ದ ಬ್ರಿಟಿಷ್ ಗಾಯಕ ಎಡ್ ಶೀರನ್, ತಮ್ಮ ದನಿಯನ್ನು ಹಳೆಯ ಆವೃತ್ತಿಗಳನ್ನು ಸೇರಿಸಿ ಮಾಡಿದ 2024ರ ಮಿಶ್ರಣಕ್ಕೆ ಬಳಸುವ ಮುನ್ನ ಕೇಳಿದ್ದರೆ ಬೇಡ ಎನ್ನುತ್ತಿದ್ದೆ ಎಂದರು. ನಲವತ್ತು ವರ್ಷದ ನಂತರವೂ ಹಾಡು ಆ ಖಂಡವನ್ನು ಬರಡು ಭೂಮಿಯೆಂದೇ ಸಾರುತ್ತಿದೆ.

ಡನ್‌ಬ್ಲೇನ್ ಹಾಡಿನ ಬಗ್ಗೆ ನಮಗೂ ಗೌರವವಿದೆ. ಅದನ್ನು ಹಾಡಿದ್ದು ನೊಂದ ಊರೇ. ಆದರೆ ಅದು ಬಂದದ್ದು ಡಿಸೆಂಬರ್ 9ಕ್ಕೆ. ಅಷ್ಟರಲ್ಲಿ ಕೈಬಂದೂಕು ನಿಷೇಧ ಕೋರಿದ ಸ್ನೋಡ್ರಾಪ್ ಅರ್ಜಿಗೆ ಏಳು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದಿತ್ತು, ಲಾರ್ಡ್ ಕಲನ್ ವಿಚಾರಣಾ ವರದಿ ಅಕ್ಟೋಬರ್‌ನಲ್ಲೇ ಹೊರಬಂದಿತ್ತು. 1997ರಲ್ಲಿ ಎರಡು ಕಾಯ್ದೆಗಳಾಗಿ ಬಂದ ನಿಷೇಧದ ಹಿಂದಿದ್ದದ್ದು ಬೀದಿಬೀದಿಯಲ್ಲಿ ಮೇಜು ಹಾಕಿ ಸಹಿ ಕೂಡಿಸಿದವರು. ಆ ಮೇಜುಗಳಿಗೆ ಸ್ಟುಡಿಯೊ ಬೇಕಿರಲಿಲ್ಲ, ಯಾವ ಕಂಪನಿಯ ಒಪ್ಪಿಗೆ ಪತ್ರವೂ ಬೇಕಿರಲಿಲ್ಲ.